ಬಾಡಿಗೆಗೆ ಹೋದ ಬ್ಯಾಂಕ್ ಖಾತೆ: ಪದವಿ ವಿದ್ಯಾರ್ಥಿಯೊಬ್ಬನ ಪ್ರಕರಣ ಅಧ್ಯಯನ

ಇದು 2024–25ನೇ ಶೈಕ್ಷಣಿಕ ಸಾಲಿನ ಪ್ರಕರಣ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಡೆದದ್ದು. ನಾನು ಅಲ್ಲಿ ವಾಣಿಜ್ಯ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಎನ್‌ಎಸ್‌ಎಸ್ ಘಟಕದ ಹೊಣೆಯೂ ನನ್ನದೇ. ವಿದ್ಯಾರ್ಥಿಯನ್ನು ಇಲ್ಲಿ ಕಿರಣ ಎಂದು ಕರೆದಿದ್ದೇನೆ. ಅವನ ಊರು, ಮನೆಯವರ ಕಸುಬು, ಬ್ಯಾಂಕುಗಳು, ದೂರು ದಾಖಲಾದ ರಾಜ್ಯ ಇವುಗಳಲ್ಲಿ ಕೆಲವನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಮೊತ್ತಗಳು ಸುಮಾರು. ಬರೆಯುವುದಕ್ಕೆ ಅವನೂ ಅವನ ತಾಯಿಯೂ ಒಪ್ಪಿದ್ದಾರೆ. ಬೇರೆ ಕಾಲೇಜುಗಳ ಅಧ್ಯಾಪಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಉಪಯೋಗವಾಗಲಿ ಎಂಬುದು ನಮ್ಮ ಮೂವರ ಆಸೆ.

ಹಿನ್ನೆಲೆ

ನಮ್ಮ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಮಕ್ಕಳು. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಮಧ್ಯಾಹ್ನದ ಮೇಲೆ ಮೊಬೈಲ್ ಅಂಗಡಿಯಲ್ಲೋ ಬಟ್ಟೆ ಅಂಗಡಿಯಲ್ಲೋ ಕೆಲಸ ಮಾಡಿ ಸಂಜೆ ಊರಿಗೆ ಮರಳುವವರು ಬಹಳ. ಎಲ್ಲರ ಹತ್ತಿರವೂ ಫೋನ್ ಇದೆ. ಎಲ್ಲರಿಗೂ ಕನಿಷ್ಠ ಒಂದು ಬ್ಯಾಂಕ್ ಖಾತೆ ಇದೆ, ಏಕೆಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಯ ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುವುದು. ಖಾತೆಯಲ್ಲಿ ಸಾಮಾನ್ಯವಾಗಿ ಐನೂರು ರೂಪಾಯಿಯೂ ಇರುವುದಿಲ್ಲ.

ಹಿಂದಿನ ವರ್ಷ ಕಾಲೇಜಿನಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ನಡೆದಿತ್ತು. ಒಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಹಣ ಪಡೆಯುವುದಕ್ಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ, ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಎಲ್ಲವೂ ಸರಿಯಾದ ಮಾತೇ. ಕೊನೆಗೆ ರಸಪ್ರಶ್ನೆಯೂ ಇತ್ತು. ಅದರಲ್ಲಿ ಎರಡನೇ ಬಹುಮಾನ ಬಂದದ್ದು ಕಿರಣನಿಗೆ. ಈ ಸಂಗತಿಯನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಮಸ್ಯೆ ಹೊರಬಂದ ಬಗೆ

ಮೂರನೇ ಸೆಮಿಸ್ಟರ್ ಬಿ.ಕಾಂ. ಓದುತ್ತಿದ್ದ ಕಿರಣ ಒಂದು ದಿನ ವಿಭಾಗಕ್ಕೆ ಬಂದು, "ಮೇಡಂ, ಬ್ಯಾಂಕಿಗೆ ಕೊಡೋಕೆ ಒಂದು ಲೆಟರ್ ಬೇಕಿತ್ತು, ನಾನು ಇಲ್ಲಿ ಓದ್ತಿದೀನಿ ಅಂತ" ಎಂದ. ವ್ಯಾಸಂಗ ಪ್ರಮಾಣಪತ್ರ ಆಫೀಸಿನಲ್ಲೇ ಸಿಗುತ್ತದಲ್ಲ ಎಂದರೆ, "ಒಳ್ಳೆ ಹುಡುಗ ಅಂತಾನೂ ಬರೀಬೇಕಂತೆ" ಎಂದ. ಯಾರು ಹೇಳಿದರು ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಕೂರಿಸಿಕೊಂಡು ಮಾತಾಡಿದಾಗ ವಿಷಯ ತುಂಡು ತುಂಡಾಗಿ ಹೊರಬಂತು.

ಕಾಲೇಜಿನಲ್ಲಿ ಮೊದಲು ಓದುತ್ತಿದ್ದ ಒಬ್ಬ ಅಣ್ಣ, ಬಸ್‌ಸ್ಟ್ಯಾಂಡ್ ಹತ್ತಿರ ಸಿಗುತ್ತಿದ್ದವನು, ಗೇಮಿಂಗ್ ಕಂಪನಿಯೊಂದಕ್ಕೆ ಖಾತೆಗಳು ಬೇಕು ಎಂದಿದ್ದ. ಕಂಪನಿಯ ವಹಿವಾಟು ಜಾಸ್ತಿ, ಒಂದೇ ಖಾತೆಯಲ್ಲಿ ತೋರಿಸಿದರೆ ತೆರಿಗೆ ಹೆಚ್ಚು ಬೀಳುತ್ತದೆ, ಅದಕ್ಕೆ ಹುಡುಗರ ಹೆಸರಿನ ಖಾತೆಗಳಲ್ಲಿ ಹಂಚುತ್ತಾರೆ, ಖಾತೆ ಕೊಟ್ಟವರಿಗೆ ಬಾಡಿಗೆ. ಖಾಸಗಿ ಬ್ಯಾಂಕಿನ ಆ್ಯಪ್‌ನಲ್ಲಿ ವಿಡಿಯೊ ಕೆವೈಸಿ (ವಿಡಿಯೊ ಕರೆಯಲ್ಲೇ ಗುರುತಿನ ಪರಿಶೀಲನೆ) ಮಾಡಿ ಹೊಸ ಉಳಿತಾಯ ಖಾತೆ ತೆರೆಯಬೇಕು. ಹೊಸ ಸಿಮ್ ತೆಗೆದುಕೊಂಡು ಅದೇ ನಂಬರನ್ನು ಖಾತೆಗೆ ಜೋಡಿಸಬೇಕು. ಎಟಿಎಂ ಕಾರ್ಡ್, ಸಿಮ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಮೂರನ್ನೂ ಒಂದು ಕವರಿನಲ್ಲಿ ಹಾಕಿ ಕೊಡಬೇಕು. ಇದಕ್ಕೆ ಅವರೊಳಗೆ ‘ಕಿಟ್’ ಎನ್ನುತ್ತಾರೆ. ಕಿರಣ ಕಿಟ್ ಕೊಟ್ಟು ಬಂದ. ಸಿಮ್ ಅವರ ಕೈಯಲ್ಲಿದ್ದ ಕಾರಣ ಆ ಖಾತೆಗೆ ಏನು ಬಂತು, ಏನು ಹೋಯಿತು ಎಂಬ ಒಂದು ಮೆಸೇಜೂ ಅವನಿಗೆ ಬರಲಿಲ್ಲ. ಬಂದದ್ದು ಇಷ್ಟೇ: ಹೊಸ ಖಾತೆಯಿಂದ ಅವನ ಹಳೆಯ ಖಾತೆಗೆ ಆರು ಸಾವಿರ ರೂಪಾಯಿ ಬಾಡಿಗೆ. ಅದರಲ್ಲಿ ಎರಡು ಸಾವಿರವನ್ನು ಆತ ಅವತ್ತೇ ಅಮ್ಮನಿಗೆ ಫೋನ್‌ಪೇ ಮಾಡಿದ್ದ. ಅಂಗಡಿಯ ಸಂಬಳ ಎಂದು ಹೇಳಿದ್ದ.

ಹಣದ ದಾರಿ ಗೊತ್ತಿಲ್ಲದವರಿಗೆ ಮುಂದಿನದು ವಿಚಿತ್ರವಾಗಿ ಕಾಣಬಹುದು. ಬೇರೊಂದು ರಾಜ್ಯದ ನಿವೃತ್ತ ನೌಕರರೊಬ್ಬರಿಗೆ ಪೊಲೀಸ್ ವೇಷದವರು ವಿಡಿಯೊ ಕರೆ ಮಾಡಿ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎಂದು ಹೆದರಿಸಿ ಹಣ ಹಾಕಿಸಿಕೊಂಡಿದ್ದರು. ಅದರಲ್ಲಿ ಸುಮಾರು ಒಂಬತ್ತು ಲಕ್ಷ ಒಂದೇ ಮಧ್ಯಾಹ್ನ ಕಿರಣನ ಹೊಸ ಖಾತೆಗೆ ಬಂದು, ಸಂಜೆಯೊಳಗೆ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗಿತ್ತು. ಹಣ ಕಳೆದುಕೊಂಡವರು 1930ಕ್ಕೆ ದೂರು ಕೊಟ್ಟಾಗ ಆ ವ್ಯವಸ್ಥೆ ಹಣ ಹೋದ ದಾರಿಯನ್ನು ಹಿಡಿದು ಒಂದೊಂದೇ ಖಾತೆಯನ್ನು ತಡೆಯುತ್ತ ಹೋಗುತ್ತದೆ. ಮೊದಲನೆಯದು ಕಿರಣನ ಹೊಸ ಖಾತೆ. ಅಲ್ಲಿಂದ ಬಾಡಿಗೆ ಹೋದ ಅವನ ಹಳೆಯ ಖಾತೆ, ವಿದ್ಯಾರ್ಥಿವೇತನ ಬರುವಂಥದ್ದು, ಎರಡನೆಯದು. ಅಲ್ಲಿಂದ ಎರಡು ಸಾವಿರ ಹೋದ ತಾಯಿಯ ಖಾತೆ ಮೂರನೆಯದು. ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯಲು ತಾಯಿ ಬ್ಯಾಂಕಿಗೆ ಹೋದಾಗ, "ನಿಮ್ಮ ಅಕೌಂಟಿಗೆ ಪೊಲೀಸ್ನೋರು ಲೀನ್ ಹಾಕಿದಾರೆ" ಎಂದಿದ್ದರು. ಲೀನ್ ಎಂದರೆ ಖಾತೆಯ ಹಣ ತೆಗೆಯದಂತೆ ಹಾಕುವ ತಡೆ. ಆ ತಾಯಿಗೆ ಅರ್ಥವಾದದ್ದು ಪೊಲೀಸ್ ಎಂಬ ಒಂದೇ ಮಾತು.

ಹುಡುಗ ನನ್ನ ಹತ್ತಿರ ಬರಲು ಕಾರಣ ಅವನ ಒಂಬತ್ತು ಲಕ್ಷದ ಖಾತೆಯಲ್ಲ. ಅಮ್ಮನ ಎರಡು ಸಾವಿರ.

ನಾನು ಕೇಳಿದ್ದು, "ರಸಪ್ರಶ್ನೆಯಲ್ಲಿ ಬಹುಮಾನ ತಗೊಂಡೋನಲ್ವೇನೋ ನೀನು?" ಎಂದು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಅದು ದುಡ್ಡಿರೋರಿಗೆ ಹೇಳಿದ್ದು ಮೇಡಂ. ನಮ್ಹತ್ರ ಕಳ್ಕೊಳ್ಳೋಕೆ ಏನಿತ್ತು?"

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ ಎಂದು ನಾನು ತಿಳಿದಿದ್ದೇನೆ. ನಮ್ಮ ಜಾಗೃತಿಯೆಲ್ಲ ಕಳೆದುಕೊಳ್ಳುವವರನ್ನು ಎದುರಿಗಿಟ್ಟುಕೊಂಡು ಮಾಡಿದ್ದು. ಖಾತೆಯಲ್ಲಿ ಹಣವೇ ಇಲ್ಲದ ಹತ್ತೊಂಬತ್ತು ವರ್ಷದ ಹುಡುಗ ಅದನ್ನು ತನ್ನ ಪಾಠ ಎಂದುಕೊಳ್ಳುವುದಿಲ್ಲ. ಕಳ್ಳರಿಗೆ ಬೇಕಾದದ್ದು ಅವನ ಹಣವಲ್ಲ, ಅವನ ಹೆಸರು. ಯಾವ ಕೇಸೂ ಇಲ್ಲದ, ಸಾಲದ ಬಾಕಿಯಿಲ್ಲದ, ಆಧಾರ್ ಮತ್ತು ಪ್ಯಾನ್ ಸರಿಯಾಗಿರುವ ಹೆಸರು. ಅದು ಅವನ ಹತ್ತಿರ ಇತ್ತು, ಅದಕ್ಕೆ ಬೆಲೆಯಿದೆ ಎಂದು ನಾವಾರೂ ಹೇಳಿರಲಿಲ್ಲ.

ಮೊದಲ ತೀರ್ಮಾನಗಳು

ಮಾತು ಮುಗಿಯುವಷ್ಟರಲ್ಲಿ ಅವನ ಫೋನಿಗೆ ಅದೇ ಅಣ್ಣನ ಮೆಸೇಜ್ ಬಂತು: ಚಾಟ್ ಎಲ್ಲ ಡಿಲೀಟ್ ಮಾಡು, ಫೋನ್ ಫಾರ್ಮ್ಯಾಟ್ ಮಾಡು, ನಮ್ಮ ಲಾಯರ್ ನೋಡಿಕೊಳ್ಳುತ್ತಾರೆ. ಇನ್ನೊಂದು ಕಡೆ ಅವನ ದೊಡ್ಡಪ್ಪನಿಗೆ ಯಾರೋ ಪರಿಚಯವಾಗಿ, ಹದಿನೈದು ಸಾವಿರ ಕೊಟ್ಟರೆ ಖಾತೆ ಬಿಡಿಸಿಕೊಡುತ್ತೇನೆ ಎಂದಿದ್ದರು. ಫ್ರೀಜ್ ಆದ ಖಾತೆಯವರನ್ನು ಹುಡುಕಿಕೊಂಡು ಬರುವ ಇಂಥವರದೇ ಇನ್ನೊಂದು ದಂಧೆ. ಖಾತೆಯ ತಡೆ ತೆಗೆಯುವುದು ತನಿಖಾಧಿಕಾರಿಯ ಪತ್ರದಿಂದ ಅಥವಾ ನ್ಯಾಯಾಲಯದ ಆದೇಶದಿಂದ, ಮಧ್ಯವರ್ತಿಯಿಂದ ಅಲ್ಲ.

ಎರಡನ್ನೂ ನಿಲ್ಲಿಸಿದ್ದು ಮೊದಲ ತಿರುವು. ಟೆಲಿಗ್ರಾಂ ಚಾಟನ್ನು ಅವನು ಹೆದರಿಕೆಯಲ್ಲಿ ಆಗಲೇ ಅಳಿಸಿದ್ದ. ಉಳಿದಿದ್ದ ವಾಟ್ಸ್‌ಆ್ಯಪ್ ಮೆಸೇಜುಗಳು, ಬಾಡಿಗೆ ಬಂದ ಯುಪಿಐ ವಿವರ, ಸಿಮ್ ಕೊಂಡ ದಿನದ ಮೆಸೇಜ್, ಪಾಸ್‌ಬುಕ್ ನಮೂದು ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ ಪ್ರಿಂಟ್ ತೆಗೆಸಿದೆವು. ಅಳಿಸಿದ್ದನ್ನೂ ಮುಚ್ಚಿಡದೆ ಹೇಳಿಕೆಯಲ್ಲಿ ಬರೆಯಲು ಹೇಳಿದೆ. ನಂತರ ಇದೇ ಅವನಿಗೆ ಆಸರೆಯಾಯಿತು. ಫೋನ್ ಫಾರ್ಮ್ಯಾಟ್ ಮಾಡಿದ್ದರೆ, ಕರೆತಂದವನು ಯಾರು ಎಂದು ತೋರಿಸಲು ಅವನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ದಾಖಲೆಯಲ್ಲಿ ಇದ್ದದ್ದು ಅವನೊಬ್ಬನ ಹೆಸರು.

ಎರಡನೆಯ ತೀರ್ಮಾನ ಸುಲಭದ್ದಾಗಿರಲಿಲ್ಲ. ಪ್ರಾಂಶುಪಾಲರಿಗೆ ಹೇಳದೆ ಇರುವಂತಿಲ್ಲ. ಸಿಬ್ಬಂದಿ ಸಭೆಯಲ್ಲಿ ಎರಡು ಅಭಿಪ್ರಾಯ ಬಂದವು. ಕಾಲೇಜಿನ ಹೆಸರು ಪತ್ರಿಕೆಯಲ್ಲಿ ಬಂದರೆ ಮುಂದಿನ ವರ್ಷದ ಪ್ರವೇಶಾತಿಗೆ ಪೆಟ್ಟು, ಹುಡುಗನನ್ನು ಸದ್ಯಕ್ಕೆ ಬರಬೇಡ ಎನ್ನೋಣ ಎಂದರು ಕೆಲವರು. ಅವರ ಭಯಕ್ಕೆ ಆಧಾರವಿಲ್ಲದೆ ಇರಲಿಲ್ಲ, ಪ್ರವೇಶಾತಿ ಕಡಿಮೆಯಾದ ವಿಭಾಗಗಳು ಮುಚ್ಚುವುದನ್ನು ಎಲ್ಲರೂ ನೋಡಿದ್ದಾರೆ. ಹಿರಿಯ ಸಹೋದ್ಯೋಗಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಇವನನ್ನ ಹೊರಗೆ ಹಾಕಿದ್ರೆ, ಖಾತೆ ಕೊಟ್ಟಿರೋ ಉಳಿದ ಹುಡುಗರು ಯಾರ ಹತ್ರ ಬಂದು ಹೇಳ್ತಾರೆ?" ಉಳಿದವರು ಇದ್ದೇ ಇರುತ್ತಾರೆ ಎಂಬುದು ಅವರಿಗೆ ಖಚಿತವಿತ್ತು. ಪ್ರಾಂಶುಪಾಲರು ಒಪ್ಪಿದರು. ಕಿರಣ ತರಗತಿಗೆ ಬರುತ್ತಲೇ ಇದ್ದ.

ಪೊಲೀಸ್, ವಕೀಲರು, ಬ್ಯಾಂಕು

ದೂರು ದಾಖಲಾದ ರಾಜ್ಯದ ಪೊಲೀಸರಿಂದ ಕಿರಣನಿಗೆ ನೋಟಿಸ್ ಮೊದಲು ಬಂದದ್ದು ವಾಟ್ಸ್‌ಆ್ಯಪ್‌ಗೆ. ನಕಲಿ ಪೊಲೀಸ್ ನೋಟಿಸುಗಳೇ ತುಂಬಿರುವಾಗ ಇದು ಅಸಲಿಯೋ ನಕಲಿಯೋ ಎಂದು ತಿಳಿಯಬೇಕಿತ್ತು. ನೋಟಿಸಿನಲ್ಲಿದ್ದ ಫೋನ್ ನಂಬರಿಗೆ ಕರೆ ಮಾಡಲಿಲ್ಲ. ಆ ರಾಜ್ಯದ ಪೊಲೀಸ್ ಜಾಲತಾಣದಲ್ಲಿದ್ದ ಠಾಣೆಯ ನಂಬರಿಗೆ ಕರೆ ಮಾಡಿ ಅಪರಾಧ ಸಂಖ್ಯೆ ಹೇಳಿದಾಗ ಹೌದು ಎಂದರು. (ಇಂಥ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.) ಆಮೇಲೆ ಸ್ಥಳೀಯ ಠಾಣೆಯ ಮೂಲಕ ಸರಿಯಾದ ನೋಟಿಸೇ ಬಂತು.

ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸ್, ಅಂದರೆ ಪೊಲೀಸರ ಮುಂದೆ ಹಾಜರಾಗಿ ಎಂಬ ಸೂಚನೆ. ಮನೆಯವರು ಅದನ್ನು ಬಂಧನದ ವಾರಂಟ್ ಎಂದೇ ತಿಳಿದು ಹುಡುಗನನ್ನು ನೆಂಟರ ಊರಿಗೆ ಕಳಿಸಲು ಹೊರಟಿದ್ದರು. ವಾಸ್ತವ ತಿರುಗುಮುರುಗು: ನೋಟಿಸಿನಂತೆ ಹಾಜರಾಗಿ ಸಹಕರಿಸುವವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ಇದನ್ನು ಅಪ್ಪನಿಗೆ ಮನದಟ್ಟು ಮಾಡಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಸಿಕ್ಕ ವಕೀಲರು. ಆದಾಯ ಮಿತಿಯೊಳಗಿನವರಿಗೆ, ಪರಿಶಿಷ್ಟರಿಗೆ, ಮಹಿಳೆಯರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ನ್ಯಾಯಾಲಯ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ಇಂಥ ಸಮಿತಿ ಅಲ್ಲಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಕೀಲರ ಸಲಹೆಯಂತೆ ಕಿರಣ ಮೊದಲು ನಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ, ತಾನು ಖಾತೆ ಕೊಟ್ಟದ್ದು ಯಾರಿಗೆ, ಹೇಗೆ ಎಂದು ಲಿಖಿತ ಹೇಳಿಕೆ ಕೊಟ್ಟ. ನಂತರ ಅಪ್ಪನ ಜೊತೆ ರೈಲಿನಲ್ಲಿ ಆ ರಾಜ್ಯಕ್ಕೆ ಹೋಗಿ ಹಾಜರಾದ. ಅಲ್ಲಿ ಅವನಿಗೆ ಆದ ದೊಡ್ಡ ಅನುಭವ ವಿಚಾರಣೆಯಲ್ಲ. ತನಿಖಾಧಿಕಾರಿ ದೂರನ್ನು ಓದಿ ಹೇಳಿದರಂತೆ: ಹಣ ಕಳೆದುಕೊಂಡವರು ನಿವೃತ್ತಿಯ ಹಣವನ್ನೂ, ಹೆಂಡತಿಯ ಆಪರೇಷನ್‌ಗೆಂದು ಇಟ್ಟಿದ್ದನ್ನೂ ಹಾಕಿದ್ದರು. ಬಂದ ಮೇಲೆ ಕಿರಣ, "ನಾನು ಕಂಪನಿ ದುಡ್ಡು ಅನ್ಕೊಂಡಿದ್ದೆ ಮೇಡಂ" ಎಂದ. ಕಾನೂನಿನ ಹೆದರಿಕೆ ಅವನಿಗೆ ಮೊದಲಿನಿಂದಲೂ ಇತ್ತು. ಇನ್ನೊಬ್ಬರ ಮನೆಯ ವಿಷಯ ಇದು ಎಂಬುದು ಹೊಳೆದದ್ದು ಆಗ.

ಈ ನಡುವೆ ತುರ್ತಾಗಿ ಮಾಡಬೇಕಾದದ್ದು ಒಂದಿತ್ತು. ವಿದ್ಯಾರ್ಥಿವೇತನ ಫ್ರೀಜ್ ಆದ ಖಾತೆಗೇ ಬಂದು ಸಿಕ್ಕಿಕೊಳ್ಳುತ್ತಿತ್ತು. ನೇರ ನಗದು ವರ್ಗಾವಣೆಯ ಹಣ ಆಧಾರ್ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಪೋಸ್ಟ್ ಆಫೀಸಿನ ಪೇಮೆಂಟ್ಸ್ ಬ್ಯಾಂಕಿನಲ್ಲಿ ತಾಯಿ ಮಗ ಇಬ್ಬರಿಗೂ ಹೊಸ ಖಾತೆ ತೆರೆಸಿ ಆಧಾರ್ ಜೋಡಿಸಿದೆವು. ಮುಂದಿನ ಗೃಹಲಕ್ಷ್ಮಿ ಕಂತು ಅಲ್ಲಿಗೆ ಬಂತು. ಮನೆಯಲ್ಲಿ ಹುಡುಗನನ್ನು ಬೈಯುವುದು ನಿಂತದ್ದು ಅದಾದ ಮೇಲೆ. ಕಾನೂನಿನ ವಿಷಯ ನಿಧಾನ, ಅಷ್ಟರೊಳಗೆ ಮನೆ ನಡೆಯಬೇಕಲ್ಲ.

ಕಲಿಸುವುದರಲ್ಲಿ ಏನು ಬದಲಾಯಿತು

ಮೊದಲು ಮಾಡಿದ್ದು ಹೆಚ್ಚು ಫಲ ಕೊಡಲಿಲ್ಲ. ಪೊಲೀಸ್ ಅಧಿಕಾರಿಯೊಬ್ಬರನ್ನು ಕರೆಸಿದೆವು. ಒಳ್ಳೆಯ ಮನುಷ್ಯರು, ಚೆನ್ನಾಗಿಯೇ ಮಾತಾಡಿದರು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318(4)ರಲ್ಲಿ ಏಳು ವರ್ಷದವರೆಗೆ, ಸೋಗು ಹಾಕಿ ಮೋಸ ಮಾಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಅಡಿ ಮೂರು ವರ್ಷದವರೆಗೆ ಶಿಕ್ಷೆ ಎಂದು ವಿವರಿಸಿದರು. ಆದರೆ ಅಷ್ಟು ದಿನ ಕಾರಿಡಾರಿನಲ್ಲಿ ಈ ವಿಷಯ ಮಾತಾಡುತ್ತಿದ್ದ ಹುಡುಗರೂ ಮರುದಿನದಿಂದ ಬಾಯಿ ಮುಚ್ಚಿಕೊಂಡರು. ಖಾತೆ ಕೊಟ್ಟಿದ್ದವರಿಗೆ ಆ ಭಾಷಣ ಹೇಳಿದ್ದು ಒಂದೇ: ಬಚ್ಚಿಟ್ಟುಕೋ.

ಕಿರಣನನ್ನೇ ವೇದಿಕೆಗೆ ಕರೆದು ಅನುಭವ ಹೇಳಿಸೋಣ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ತನಿಖೆ ನಡೆಯುತ್ತಿರುವಾಗ ಅದು ಅವನ ಕೇಸಿಗೆ ಕೆಡುಕು. ಅದಕ್ಕಿಂತ ಹೆಚ್ಚಾಗಿ, ತಪ್ಪು ಮಾಡಿದವನನ್ನು ಎದುರಿಗೆ ನಿಲ್ಲಿಸಿದರೆ ನೋಡುವವರಿಗೆ ಅವನ ಮುಖ ನೆನಪಿರುತ್ತದೆ, ಪಾಠ ನೆನಪಿರುವುದಿಲ್ಲ. ಇಂಥ ಸಣ್ಣ ಊರಿನಲ್ಲಿ ಆ ಮುಖವನ್ನು ಹೊತ್ತು ಅವನು ಬದುಕಬೇಕು.

ಕೆಲಸಕ್ಕೆ ಬಂದದ್ದು ನಮ್ಮದೇ ವಿಷಯ, ಜರ್ನಲ್ (ದಿನದ ವಹಿವಾಟಿನ ಪುಸ್ತಕ) ಮತ್ತು ಲೆಡ್ಜರ್ (ಒಬ್ಬೊಬ್ಬರ ಹೆಸರಿನ ಲೆಕ್ಕದ ಪುಸ್ತಕ). ಬಿ.ಕಾಂ. ತರಗತಿಗೆ ಹೆಸರಿಲ್ಲದ ಒಂದು ವಹಿವಾಟು ಪಟ್ಟಿ ಕೊಟ್ಟೆ. ‘ಎ’ ಎಂಬವನ ಖಾತೆಗೆ ಇಷ್ಟು ಲಕ್ಷ ಜಮಾ. ಅಲ್ಲಿಂದ ಬೇರೆ ಬೇರೆ ರಾಜ್ಯಗಳ ಆರು ಖಾತೆಗೆ ವರ್ಗಾವಣೆ. ಒಂದು ಕಡೆ ಎಟಿಎಂನಿಂದ ನಗದು, ಇನ್ನೊಂದು ಕಡೆ ಕ್ರಿಪ್ಟೊ ಖರೀದಿ. ‘ಎ’ನ ಹಳೆಯ ಖಾತೆಗೆ ಬಾಡಿಗೆ, ಅಲ್ಲಿಂದ ಮನೆಗೆ ಕಳಿಸಿದ್ದು. ಎಲ್ಲವನ್ನೂ ಲೆಡ್ಜರಿಗೆ ಪೋಸ್ಟ್ ಮಾಡಿ, ಅಂದರೆ ಬರೆದು ಏರಿಸಿ ಎಂದೆ. ಮಾಡಿದರು. ಖಾತೆ ಬಾಡಿಗೆಗೆ ಪಡೆದವನ ಲೆಡ್ಜರ್ ತೋರಿಸಿ ಎಂದಾಗ ಎಲ್ಲರೂ ಹಾಳೆ ತಿರುವಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಮೇಡಂ, ಅವನ ಹೆಸರೇ ಎಲ್ಲೂ ಇಲ್ಲ. ಎಲ್ಲಾ ‘ಎ’ ಹೆಸರಲ್ಲೇ ಐತೆ" ಎಂದಳು. ನಾನು ಹೇಳಬೇಕೆಂದಿದ್ದನ್ನು ಅವಳೇ ಹೇಳಿದ್ದಳು. ಹಣದಲ್ಲಿ ಬಹುಪಾಲು ಯಾರಿಗೋ ಹೋಗಿದೆ, ಬರಹದಲ್ಲಿ ಉಳಿದವನು ಖಾತೆ ಕೊಟ್ಟವನು.

ಎರಡನೇ ತರಗತಿಯಲ್ಲಿ ಅದೇ ಹಾಳೆಯನ್ನು ಹಿಂದಕ್ಕೆ ಓದಿಸಿದೆ. ಮೊದಲ ಜಮಾ ಬಂದದ್ದು ಎಲ್ಲಿಂದ? ಆ ಮನುಷ್ಯರ ಲೆಡ್ಜರ್ ಬರೆಯಿರಿ: ಪಿಂಚಣಿ, ಠೇವಣಿ, ಚಿನ್ನದ ಸಾಲ. ಬರೆಯುತ್ತ ಬರೆಯುತ್ತ ಮಾತು ಹೊರಬಂತು. ಒಬ್ಬನ ಅಜ್ಜನಿಗೆ ಕೊರಿಯರ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಎಂಬ ಕರೆ ಬಂದಿತ್ತು. ಒಬ್ಬಳ ಅಕ್ಕ ಪಾರ್ಟ್‌ಟೈಮ್ ಕೆಲಸದ ಆಸೆಗೆ ಹಣ ಕಳೆದುಕೊಂಡಿದ್ದಳು. ಮೋಸ ಹೋಗುವವರೂ ಮೋಸಕ್ಕೆ ಖಾತೆ ಕೊಡುವವರೂ ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇದ್ದಾರೆ ಎಂಬುದು ಆ ಹಾಳೆಗಳಲ್ಲಿ ಅವರ ಕೈಬರಹದಲ್ಲೇ ಇತ್ತು. ಬಿ.ಎ. ತರಗತಿಗಳಿಗೆ ಲೆಡ್ಜರ್ ಬದಲು ಬೋರ್ಡಿನ ಮೇಲೆ ಬಾಣದ ಗುರುತಿನ ಚಿತ್ರ ಮಾಡಿ ಇದನ್ನೇ ಮಾಡಿಸಿದೆವು.

ತರಗತಿಯ ಕೊನೆಗೆ ಒಂದು ಮಾತು ಕೊಟ್ಟೆವು. ಅದನ್ನು ಹೇಗೆ ಹೇಳಬೇಕು ಎಂದು ವಕೀಲರ ಜೊತೆ ಕೂತು ಬಹಳ ಯೋಚಿಸಿದ್ದೆವು. ನಿಮಗೆ ಏನೂ ಆಗುವುದಿಲ್ಲ ಎಂದು ನಾವು ಹೇಳುವಂತಿಲ್ಲ, ಅದು ನಮ್ಮ ಕೈಯಲ್ಲಿಲ್ಲ. ಹೇಳಬಹುದಾದದ್ದು: ಬಂದು ಹೇಳಿದ ವಿಷಯ ಬೇರೆ ವಿದ್ಯಾರ್ಥಿಗಳಿಗೆ ತಿಳಿಯುವುದಿಲ್ಲ, ಕಾಲೇಜಿನಿಂದ ತೆಗೆಯುವುದಿಲ್ಲ, ಬ್ಯಾಂಕಿಗೂ ಠಾಣೆಗೂ ನಿಮ್ಮ ಜೊತೆ ಒಬ್ಬರು ಬರುತ್ತಾರೆ. ಜೊತೆಗೆ ಪ್ರತಿಯೊಬ್ಬರೂ ಅಲ್ಲೇ ಕೂತು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ತೆರೆದು ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿದರು. ತಮಗೆ ಗೊತ್ತಿಲ್ಲದ ನಂಬರ್ ಕಂಡವರು ಅಲ್ಲಿಂದಲೇ ದೂರು ಹಾಕಿದರು.

ಮೂವರು ಬಂದರು. ಒಬ್ಬನು ದಾಖಲೆ ಮಾತ್ರ ಕೊಟ್ಟಿದ್ದ, ಖಾತೆ ಇನ್ನೂ ಬಳಕೆಯಾಗಿರಲಿಲ್ಲ. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಖಾತೆ ಮುಚ್ಚಿಸಿ, ಸಿಮ್ ಬ್ಲಾಕ್ ಮಾಡಿಸಿ, ಸ್ವೀಕೃತಿ ಪಡೆದ. ಅವನ ಮಟ್ಟಿಗೆ ಅದು ಅಲ್ಲಿಗೇ ನಿಂತಿತು. ಇನ್ನೊಬ್ಬನ ಖಾತೆಯಲ್ಲಿ ಆಗಲೇ ವಹಿವಾಟು ನಡೆದಿತ್ತು, ದೂರು ಇನ್ನೂ ಬಂದಿರಲಿಲ್ಲ. ಅವನೇ ಸಿಇಎನ್ ಠಾಣೆಗೆ ಹೋಗಿ ಹೇಳಿದ. ಮೂರನೆಯವಳು ಹುಡುಗಿ. ಕಿಟ್ ಕೊಟ್ಟದ್ದು ಅವಳ ಸ್ವಂತ ಅಣ್ಣನಿಗೆ. ಅವಳ ವಿಷಯ ಬೇರೆಯೇ ಸೂಕ್ಷ್ಮದ್ದು. ಅಣ್ಣನ ವಿರುದ್ಧ ಹೇಳುವುದು ಹೇಗೆ ಎಂಬ ಅವಳ ಸಂಕಟಕ್ಕೆ ನಮ್ಮ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ವಕೀಲರ ಹತ್ತಿರ ಕರೆದುಕೊಂಡು ಹೋದೆವು. ಖಾತೆ ಮುಚ್ಚಿಸುವ ಮಟ್ಟಿಗೆ ಅವಳು ಒಪ್ಪಿದಳು.

ಪೋಷಕರ ಸಭೆ ಕರೆದಾಗ ಬಂದವರು ಕೆಲವೇ ಜನ. ಕೂಲಿ ಬಿಟ್ಟು ಬರುವುದು ಅವರಿಗೆ ಕಷ್ಟ. ಅದರ ಬದಲು ಎನ್‌ಎಸ್‌ಎಸ್ ಶಿಬಿರ ನಡೆದ ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ವಾರದ ಕಂತು ಕಟ್ಟಲು ಸೇರುವ ಹೊತ್ತಿಗೆ ಹೋದೆವು. ಗೃಹಲಕ್ಷ್ಮಿ ಹಣಕ್ಕೆ ತಡೆ ಬೀಳಬಹುದು ಎಂದ ಕೂಡಲೇ ಅವರು ಕೇಳಿದ ಪ್ರಶ್ನೆಗಳು ಕಾಲೇಜಿನ ಯಾವ ಸಭೆಯಲ್ಲೂ ಬಂದಿರಲಿಲ್ಲ. ಮಗ ಇದ್ದಕ್ಕಿದ್ದಂತೆ ಹಣ ಕಳಿಸಿದರೆ ಎಲ್ಲಿಂದ ಬಂತು ಎಂದು ಕೇಳಬೇಕು ಎಂದು ಅವರೇ ಒಬ್ಬರಿಗೊಬ್ಬರು ಹೇಳಿಕೊಂಡರು.

ಪ್ರಕರಣ ಈಗ ಎಲ್ಲಿದೆ

ಕಿರಣನನ್ನು ಬಂಧಿಸಲಿಲ್ಲ. ಬಾಡಿಗೆಯಾಗಿ ಬಂದ ಆರು ಸಾವಿರವನ್ನು ವಕೀಲರ ಮೂಲಕ ವಾಪಸು ಕೊಡುವ ವ್ಯವಸ್ಥೆಯಾದ ಮೇಲೆ ತನಿಖಾಧಿಕಾರಿ ಪತ್ರ ಕೊಟ್ಟರು. ತಾಯಿಯ ಖಾತೆ, ನಂತರ ಅವನ ಹಳೆಯ ಖಾತೆ ಬಿಡುಗಡೆಯಾದವು, ಇದಕ್ಕೆ ತಿಂಗಳುಗಳೇ ಹಿಡಿದವು. ಹೊಸ ಖಾತೆ ಇನ್ನೂ ಫ್ರೀಜ್ ಆಗಿಯೇ ಇದೆ. ಪ್ರಕರಣ ಮುಗಿದಿಲ್ಲ, ಕರೆದಾಗ ಅವನು ಹೋಗಬೇಕು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಪೊಲೀಸ್ ಪರಿಶೀಲನೆಯಲ್ಲಿ ಇದು ಏಳಬಹುದು ಎಂಬ ಚಿಂತೆ ಅವನಿಗಿದೆ, ಅದು ಸುಳ್ಳು ಚಿಂತೆಯಲ್ಲ. ಹಣ ಕಳೆದುಕೊಂಡ ಹಿರಿಯರಿಗೆ ಈ ಖಾತೆಯಿಂದ ಸಿಗಬಹುದಾದದ್ದು ತಡೆ ಬೀಳುವ ಹೊತ್ತಿಗೆ ಅಲ್ಲಿ ಉಳಿದಿದ್ದ ಸಣ್ಣ ಮೊತ್ತ ಮಾತ್ರ. ಅವರು ದೂರು ಕೊಟ್ಟದ್ದು ಮರುದಿನ. ಅಷ್ಟರಲ್ಲಿ ಹಣ ದಾಟಿಹೋಗಿತ್ತು.

ಇನ್ನೊಂದು ಬೆಳವಣಿಗೆಯನ್ನು ಹೇಳಬೇಕು. ಉಳಿತಾಯ ಖಾತೆಗಳು ಬೇಗ ಸಿಕ್ಕಿಬೀಳುತ್ತಿರುವುದರಿಂದ ಈಗ ಹುಡುಗರ ಹತ್ತಿರ ಕರೆಂಟ್ ಅಕೌಂಟ್ (ವ್ಯಾಪಾರಕ್ಕೆಂದು ತೆರೆಯುವ ಚಾಲ್ತಿ ಖಾತೆ) ಕೇಳುತ್ತಿದ್ದಾರೆ. ಆಧಾರ್ ಇಟ್ಟುಕೊಂಡು ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿ, ಹುಡುಗನ ಹೆಸರಿನಲ್ಲಿ ಒಂದು ಅಂಗಡಿ ಇದೆಯೆಂದು ತೋರಿಸಿ ಖಾತೆ ತೆರೆಸುತ್ತಾರೆ. ಅದರಲ್ಲಿ ವಹಿವಾಟಿನ ಮಿತಿ ದೊಡ್ಡದು, ಸಿಕ್ಕಿಬಿದ್ದರೆ ಮೊತ್ತವೂ ದೊಡ್ಡದು. ಇದನ್ನು ನಮಗೆ ತಿಳಿಸಿದ್ದು ಯಾವ ಇಲಾಖೆಯೂ ಅಲ್ಲ, ಮೊದಲ ವರ್ಷದ ಒಬ್ಬ ವಿದ್ಯಾರ್ಥಿ. ಪಕ್ಕದ ಐಟಿಐ ಹುಡುಗರಿಗೆ ಹೀಗೆ ಕೇಳುತ್ತಿದ್ದಾರೆ ಎಂದು ಅವನೇ ವಿಭಾಗಕ್ಕೆ ಬಂದು ಹೇಳಿದ. ಈ ಸೆಮಿಸ್ಟರಿನ ಹಾಳೆಯಲ್ಲಿ ‘ಎ’ ಒಂದು ಕಿರಾಣಿ ಅಂಗಡಿಯ ಮಾಲೀಕ. ಐಟಿಐಯಲ್ಲೂ ಅದೇ ತರಗತಿ ಮಾಡಲು ಅಲ್ಲಿನ ಪ್ರಾಂಶುಪಾಲರ ಜೊತೆ ಮಾತಾಗಿದೆ. ಅಲ್ಲಿ ಲೆಡ್ಜರ್ ನಡೆಯುವುದಿಲ್ಲ, ಬಾಣದ ಚಿತ್ರದಿಂದಲೇ ಶುರು ಮಾಡಬೇಕು.